ಜೂಜಿನ ಚಟ: ಪ್ರಶ್ನಾವಳಿಯನ್ನು ಎಷ್ಟು ನಂಬಬಹುದು?

ಜ್ವರ ಅಳೆಯಲು ಥರ್ಮಾಮೀಟರ್ ಇದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಜೂಜಿನ ಚಟಕ್ಕೆ ಅಂಥ ಪರೀಕ್ಷೆ ಇಲ್ಲ; ಆಡುವವರ ಬಾಯಿಂದಲೇ ತಿಳಿಯಬೇಕು. ಅದಕ್ಕಾಗಿ ತಜ್ಞರು ಪ್ರಶ್ನಾವಳಿಗಳನ್ನು ಮಾಡಿದ್ದಾರೆ. ಕೇರಳದಲ್ಲಿ ಸರಕಾರಿ ಲಾಟರಿ 1967ರಿಂದ ಇದೆ. ಇಸ್ಪೀಟು, ಕೋಳಿ ಅಂಕ, ಹಣವಿಟ್ಟು ಆಡುವ ಮೊಬೈಲ್ ಆಟಗಳೂ ನಮಗೆ ಹೊಸತಲ್ಲ. ಆದುದರಿಂದ ಈ ಪ್ರಶ್ನಾವಳಿಗಳ ಗುಣದೋಷಗಳನ್ನು ನಾವು ತಿಳಿದಿರಬೇಕು.

ಮೂರು ಪ್ರಶ್ನಾವಳಿಗಳು

1. ಸೌತ್ ಓಕ್ಸ್ ಪ್ರಶ್ನಾವಳಿ (1987): ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಸಿದ್ಧವಾಯಿತು. ಒಟ್ಟು 20 ಅಂಕ. 5 ಅಥವಾ ಹೆಚ್ಚು ಬಂದರೆ ಚಟವಿರುವ ಸಂಭವವಿದೆ. ಇದರ 9 ಅಂಕಗಳು ಸಾಲ ಅಥವಾ ಹಣ ಎಲ್ಲಿಂದ ತಂದಿರಿ ಎಂಬುದಕ್ಕೇ ಮೀಸಲು. ಸಾಲ ಮಾಡದೆ ಅಡಿಕೆ ಮಾರಿದ ಹಣವನ್ನೆಲ್ಲ ಕಳೆಯುವವರಿಗೆ ಇದರಲ್ಲಿ ಕಡಿಮೆ ಅಂಕ ಬರಬಹುದು. ಮೂಲ ಪ್ರಶ್ನೆಗಳು ಇಡೀ ಜೀವಮಾನದ ಬಗ್ಗೆ ಇರುವುದರಿಂದ, ಹಿಂದೆಯೇ ಆಟ ಬಿಟ್ಟವರೂ ಸಿಕ್ಕಿಬೀಳುತ್ತಾರೆ.

2. ಕೆನಡಾದ ಪ್ರಶ್ನಾವಳಿ (2001): ಕಳೆದ 12 ತಿಂಗಳ ಬಗ್ಗೆ 9 ಪ್ರಶ್ನೆಗಳು, ಪ್ರತಿಯೊಂದಕ್ಕೆ 0ಯಿಂದ 3 ಅಂಕ. 3ರಿಂದ 7 ಬಂದರೆ ಎಚ್ಚರಿಕೆ, 8 ದಾಟಿದರೆ ಅಥವಾ ಅಷ್ಟೇ ಬಂದರೆ ಗಂಭೀರ.

3. ಎರಡೇ ಪ್ರಶ್ನೆಗಳದ್ದು (1997): ಹೆಚ್ಚು ಹೆಚ್ಚು ಹಣ ಕಟ್ಟಬೇಕೆಂದು ಅನಿಸಿದ್ದುಂಟೇ? ಎಷ್ಟು ಆಡಿದಿರೆಂದು ಆಪ್ತರಲ್ಲಿ ಸುಳ್ಳು ಹೇಳಬೇಕಾಯಿತೇ? ಒಂದಕ್ಕೆ ‘ಹೌದು’ ಎಂದರೂ ಮುಂದೆ ವಿಚಾರಿಸಬೇಕು.

ಇದು ಜರಡಿ ಮಾತ್ರ

ಜರಡಿಯ ಕಣ್ಣು ಸಣ್ಣದಾದರೆ ಒಳ್ಳೆಯ ಕಾಳೂ ಮೇಲೆಯೇ ಉಳಿಯುತ್ತದೆ. ಒಂದು ಲೆಕ್ಕ ನೋಡಿ. 1000 ಜನರಲ್ಲಿ 10 ಮಂದಿಗೆ ಚಟವಿದೆ ಎಂದುಕೊಳ್ಳೋಣ. ಪ್ರಶ್ನಾವಳಿ ಆ 10ರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಚಟವಿಲ್ಲದವರಲ್ಲಿ 100ಕ್ಕೆ 10 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಹೀಗೆ ತಪ್ಪಾಗಿ ಹಿಡಿದವರೇ 99. ಒಟ್ಟು 108 ಮಂದಿಯಲ್ಲಿ ನಿಜವಾದವರು 9, ಅಂದರೆ 12ರಲ್ಲಿ ಒಬ್ಬರು! ಊರಿನವರಿಗೆಲ್ಲ ಪ್ರಶ್ನೆ ಹಂಚಿ, ಅಂಕ ನೋಡಿ ‘ಜೂಜುಕೋರ’ ಎಂದು ಕರೆಯುವುದು ಅನ್ಯಾಯವೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಕಡೆ, ಚಟದ ಒಂದು ಲಕ್ಷಣವೇ ಮುಚ್ಚಿಡುವುದು. ಮನೆಯವರ ಎದುರು ಕುಳಿತು ಉತ್ತರಿಸಿದವರ ಸೊನ್ನೆ ಅಂಕವನ್ನು ನಂಬಿ ಸುಮ್ಮನಿರಬಾರದು.

ಬಳಸುವ ಕ್ರಮ

- ಉತ್ತರ ಬರೆಯುವವರು ಒಬ್ಬರೇ ಕುಳಿತು ಬರೆಯಲಿ.
- ‘ಜೂಜು’ ಎಂದರೆ ಲಾಟರಿ, ಇಸ್ಪೀಟು, ಕೋಳಿ ಅಂಕ, ಮೊಬೈಲ್ ಆಟ ಎಲ್ಲವೂ ಸೇರಿದೆಯೆಂದು ಮೊದಲೇ ಹೇಳಿರಿ. ಲಾಟರಿಯನ್ನು ಜೂಜೆಂದು ಎಣಿಸದವರು ಬಹಳ.
- ಸಹಕಾರಿ ಸಂಘದ ಪಾಸ್ ಪುಸ್ತಕ, ಅಡವಿಟ್ಟ ಚಿನ್ನದ ಚೀಟಿಗಳನ್ನೂ ನೋಡಿಕೊಳ್ಳಿರಿ.
- ಅಂಕ ಹೆಚ್ಚು ಬಂದರೆ ಗದರಿಸದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಚಟವೆಂದು ನಿರ್ಧರಿಸಬೇಕಾದವರು ಅವರೇ. ಸರಕಾರದ ಟೆಲಿಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನಾವಳಿ ತೀರ್ಪಲ್ಲ, ಮಾತು ಆರಂಭಿಸಲು ಒಂದು ದಾರಿ.