ಅವಸರ ಬೇಡ ಕಣೇ, ಐದು ವರ್ಷ ತುಂಬಲಿ

ಮದುವೆ ಮುರಿದರೆ ಅಮೆರಿಕ ನಿನ್ನನ್ನು ಹೊರಗೆ ಹಾಕುತ್ತೆ ಅಂತ ಯಾರೇ ಹೇಳಿದ್ದು? ಕೋರ್ಟು ವಿಚ್ಛೇದನ ಕೊಟ್ಟ ಮಾತ್ರಕ್ಕೆ ಗ್ರೀನ್ ಕಾರ್ಡ್ ರದ್ದಾಗೋದಿಲ್ಲ. ಹತ್ತು ವರ್ಷದ ಕಾರ್ಡ್ ಕೈಲಿದ್ದರೆ ಅದು ನಿನ್ನದು. ಗಂಡ ಫೋನಿನಲ್ಲಿ ಹೆದರಿಸಿದರೆ ಹೆದರಿಸಿಕೊಳ್ಳಲಿ, ನೀನು ಊಟ ಮಾಡಿ ಮಲಗು.

ನಿನ್ನ ಆತುರ ನನಗೆ ಗೊತ್ತಿಲ್ಲದ್ದೇನಲ್ಲ. ಪಾಯಸ ಆರೋ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದ ಹುಡುಗಿ ನೀನು. ಈಗಲೂ ಹಾಗೇ, ‘ಮೂರು ವರ್ಷ ಆಯ್ತಲ್ಲ, ಸಿಟಿಜನ್‌ಶಿಪ್‌ಗೆ ಹಾಕಿಬಿಡ್ತೀನಿ’ ಅಂತೀಯ. ಆ ಮೂರು ವರ್ಷದ ರಿಯಾಯಿತಿ ಇರೋದು ಅಮೆರಿಕದ ಪೌರನ ಜೊತೆ ಸಂಸಾರ ಮಾಡ್ತಿರುವವರಿಗೆ. ಬೇರೆ ಬೇರೆ ಇದ್ದ ಕಾಲ ಅದಕ್ಕೆ ಲೆಕ್ಕಕ್ಕಿಲ್ಲ. ಅರ್ಜಿ ಹಾಕಿದ ಮೇಲೂ ಅಷ್ಟೇ: ಪ್ರಮಾಣವಚನಕ್ಕೆ ಮೊದಲು ವಿಚ್ಛೇದನವಾದರೆ ಆ ದಾರಿ ಮುಚ್ಚಿತು. ‘ಇನ್ನೂ ತೀರ್ಪು ಬಂದಿಲ್ಲ, ಬೇಗ ಹಾಕೋಣ’ ಅನ್ನೋ ಜಾಣತನ ಬೇಡ. ಇಂಟರ್‌ವ್ಯೂನಲ್ಲಿ ಗಂಡನ ವಿಷಯ ಕೇಳೇ ಕೇಳ್ತಾರೆ. ಅಲ್ಲಿ ಪ್ರಮಾಣ ಮಾಡಿ ಸುಳ್ಳಾಡಿದರೆ ಪೌರತ್ವ ಹಾಗಿರಲಿ, ಇರೋ ಕಾರ್ಡಿಗೂ ಕುತ್ತು.

ಇದಕ್ಕೆ ಒಂದು ವಿನಾಯಿತಿ ಇದೆ. ಪೌರನಾದ ಗಂಡ ಹಿಂಸೆ ಕೊಟ್ಟು, ಆ ಆಧಾರದ ಮೇಲೇ ಗ್ರೀನ್ ಕಾರ್ಡ್ ಪಡೆದವಳಿಗೆ ವಿಚ್ಛೇದನದ ನಂತರವೂ ಮೂರು ವರ್ಷದ ದಾರಿ ತೆರೆದಿರುತ್ತೆ. ಅಂಥವರು ಮರ್ಯಾದೆಗೆ ಅಂಜಿ ಬಾಯಿ ಬಿಡೋದಿಲ್ಲ. ನಿನ್ನ ಗೆಳತಿಯರಲ್ಲಿ ಯಾರಾದರೂ ಇದ್ದರೆ ಈ ಮಾತು ಅವಳ ಕಿವಿಗೆ ಹಾಕು.

ಉಳಿದವರಿಗೆಲ್ಲ ಐದು ವರ್ಷ. ಗಂಡನ ನೌಕರಿಯ ಮೂಲಕ ಕಾರ್ಡ್ ಬಂದಿದ್ದರೂ ಐದೇ. ವಿಚ್ಛೇದನದ ದಿನದಿಂದ ಹೊಸದಾಗಿ ಎಣಿಸಿ ಕಂಗಾಲಾಗಬೇಡ. ಕಾರ್ಡಿನ ಮೇಲೆ ಖಾಯಂ ನಿವಾಸಿ ಅಂತ ಬರೆದ ತಾರೀಖಿನಿಂದ ಎಣಿಸು. ಐದು ತುಂಬೋಕೆ 90 ದಿನ ಇರುವಾಗಲೇ ಪೌರತ್ವದ ಎನ್-400 ಅರ್ಜಿ ಹಾಕಬಹುದು. ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು.

ಇಲ್ಲೇ ನಮ್ಮ ಹುಡುಗಿಯರು ಎಡವೋದು. ಮನಸ್ಸು ಮುರಿದಾಗ ಅಮ್ಮನ ಮಡಿಲು ಬೇಕು ಅನಿಸುತ್ತೆ. ಹೋಗು, ಬೇಡ ಅನ್ನಲ್ಲ. ಮೈಸೂರಿನಲ್ಲಿ ಒಂದೆರಡು ತಿಂಗಳು ಇದ್ದು, ಕಣ್ಣೀರು ಬತ್ತುವಷ್ಟು ಅತ್ತು ಬಾ. ಆದರೆ ಆರು ತಿಂಗಳು ದಾಟಿದರೆ ವಾಸ ತುಂಡಾಯ್ತು ಅಂತಲೇ ಮೊದಲು ಭಾವಿಸ್ತಾರೆ. ಆಗಿಲ್ಲ ಅಂತ ತೋರಿಸೋ ಹೊಣೆ ನಿನ್ನದು. ಒಂದು ವರ್ಷ ಕಳೆದರಂತೂ ಎಣಿಕೆ ಕಡಿದೇ ಹೋಗುತ್ತೆ. ಹೊರಡುವ ಮುನ್ನವೇ ವಾಪಸು ಟಿಕೆಟ್ ತೆಗೆದಿಡು. ಹೋದ ದಿನ, ಬಂದ ದಿನ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡು.

ಕೈಲಿರೋದು ಎರಡೇ ವರ್ಷದ ಷರತ್ತಿನ ಕಾರ್ಡಾದರೆ ಆ ಷರತ್ತು ತೆಗೆಸೋಕೆ ಐ-751 ಅರ್ಜಿ ಇದೆ. ಸಂಸಾರ ಇದ್ದವರು ಜೋಡಿಯಾಗಿ ಹಾಕ್ತಾರೆ. ವಿಚ್ಛೇದನವಾದವಳು ಒಬ್ಬಳೇ ಹಾಕಬಹುದು, ಅವನ ಸಹಿ ಬೇಡುತ್ತಾ ಬಾಗಿಲು ಕಾಯಬೇಕಿಲ್ಲ. ಆದರೆ ಕಾರ್ಡಿನ ಆಸೆಗಲ್ಲ, ಬಾಳೋದಕ್ಕೇ ಮದುವೆಯಾದದ್ದು ಅಂತ ತೋರಿಸಬೇಕು. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ಫೋಟೋ ಎಲ್ಲ ಬೇಕಾಗುತ್ತೆ. ಸಿಟ್ಟಿನಲ್ಲಿ ಮದುವೆ ಆಲ್ಬಂ ಕಸಕ್ಕೆ ಹಾಕಿದೆಯಾ, ಆಮೇಲೆ ನೀನೇ ಪೇಚಾಡ್ತೀಯ. ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲಿಡು. ಪೌರತ್ವದ ಇಂಟರ್‌ವ್ಯೂನಲ್ಲೂ ಹಳೇ ಮದುವೆಯ ವಿಷಯ ಮತ್ತೆ ತೆಗೆಯಬಹುದು.

ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿಯನ್ನು ಈಗಲೇ ತೆಗೆದುಕೋ. ತೆರಿಗೆ ಬಾಕಿ ಇಟ್ಟುಕೊಳ್ಳಬೇಡ. ನಿನ್ನ ತಮ್ಮನಿಗೂ ಹೇಳು: ಕೋರ್ಟು ಮಕ್ಕಳ ಖರ್ಚು ಕೊಡು ಅಂದ ಮೇಲೆ ಕೊಡದೆ ಓಡಾಡುವವನ ನಡತೆ ಪೌರತ್ವದ ಅರ್ಜಿಯಲ್ಲಿ ಪ್ರಶ್ನೆಗೆ ಬರುತ್ತೆ. ಜಗಳದ ದಿನ ಪೊಲೀಸರು ಅರ್ಜಿ ಹಾಕುವವರನ್ನು ಬಂಧಿಸಿದ್ದರೆ, ಕೇಸು ಬಿದ್ದುಹೋಗಿದ್ದರೂ ಅರ್ಜಿಯಲ್ಲಿ ಬರೆಯಲೇಬೇಕು. ಅಂಥ ಕಡೆ ವಲಸೆ ಕಾನೂನಿನ ವಕೀಲರ ಫೀಸಿಗೆ ಜಿಪುಣತನ ಮಾಡಬೇಡ.

ಇನ್ನೊಂದು ಮಾತು. ಪ್ರಮಾಣವಚನ ಆದ ಕೂಡಲೇ ಭಾರತದ ಪೌರತ್ವ ಹೋಗುತ್ತೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಓಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡ್ ಸಿಗೋದು ನಿನ್ನ ಹುಟ್ಟಿನ ಮೇಲೆ, ಅವನ ಹೆಂಡತಿ ಅಂತಲ್ಲ. ಇದನ್ನು ಅಪ್ಪನಿಗೆ ಮೊದಲೇ ಕೂರಿಸಿ ಹೇಳು. ಬೇರೆಯವರ ಬಾಯಿಂದ ಕೇಳಿದರೆ ಅವನು ನೊಂದುಕೊಳ್ಳುತ್ತಾನೆ.