ನಿನ್ನೆಗಿಂತ ಒಂದು ಅಕ್ಷರ ಮುಂದೆ



ಸಾಕ್ಷರತಾ ತರಗತಿಯಲ್ಲಿ ನಾವು ದಿನಾ ಕೇಳುವ ಮಾತು ಒಂದುಂಟು. "ಟೀಚರೇ, ನನ್ನ ಅಕ್ಷರ ಚಂದ ಇಲ್ಲ. ಚಂದ ಬಂದ ಮೇಲೆ ತೋರಿಸ್ತೇನೆ." ಹೀಗೆ ಹೇಳಿ ಕೆಲವರು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚುತ್ತಾರೆ. ಕೆಲವರು ಒಂದೇ ಸಾಲನ್ನು ಬರೆದು, ಒರೆಸಿ, ಪುನಃ ಬರೆಯುತ್ತಾರೆ. ಇನ್ನು ಕೆಲವರು ನಾಲ್ಕು ದಿನ ಬಂದು, "ಇದು ನಮಗೆ ಆಗುವುದಲ್ಲ" ಎಂದು ಬಿಟ್ಟೇ ಬಿಡುತ್ತಾರೆ.

ಬಿಟ್ಟರೆ ಎಂತ ಆಗುತ್ತದೆ? ಬಳಸದ ಅಕ್ಷರ ಮರೆತುಹೋಗುತ್ತದೆ. ಮತ್ತೆ ಹೆಬ್ಬೆಟ್ಟು.

ಸ್ವಲ್ಪ ಯೋಚನೆ ಮಾಡೋಣ. ನೀರುದೋಸೆ ಮಾಡುವಾಗ ಮೊದಲ ದೋಸೆ ಕಾವಲಿಗೆ ಅಂಟಿ ಹರಿಯುತ್ತದೆ. ಹಾಗೆಂದು ಹಿಟ್ಟು ಚೆಲ್ಲುತ್ತೇವಾ? ಇಲ್ಲ. ಎರಡನೆಯದು ಹೊಯ್ಯುತ್ತೇವೆ. ಬೀಡಿ ಕಟ್ಟಲು ಕಲಿತದ್ದೂ ಹಾಗೆಯೇ. ಮೊದಲು ಕಟ್ಟಿದ ಬೀಡಿ ಸಡಿಲ. ಹೊಗೆಸೊಪ್ಪು ಉದುರುತ್ತಿತ್ತು. ಈಗ ಮಾತಾಡುತ್ತಾ ಕೂತರೂ ಕೈ ತಾನಾಗಿ ಕಟ್ಟುತ್ತದೆ. ಅಂಥ ಕೈಗೆ ಅಕ್ಷರ ಬರುವುದಿಲ್ಲವೇ?

ನಮಗೆ ಇನ್ನೊಂದು ಕಷ್ಟ ಉಂಟು. ಮಂಗಳೂರಿನಲ್ಲಿ ಎಷ್ಟೋ ಜನರ ಮನೆಮಾತು ತುಳು, ಬ್ಯಾರಿ, ಇಲ್ಲವೇ ಕೊಂಕಣಿ. ಅಕ್ಷರದೊಟ್ಟಿಗೆ ಕನ್ನಡ ಭಾಷೆಯನ್ನೂ ಕಲಿಯಬೇಕು. ಹೊರೆ ಎರಡು. ಆದ್ದರಿಂದ ನಿಧಾನ ಆದರೆ ನಾಚಿಕೆ ಬೇಡ. 'ಧಾನ್ಯ' ಎಂದು ಬರೆಯುವಲ್ಲಿ 'ದಾನ್ಯ' ಎಂದು ಬರೆದಿರಾ? ಓದುವವರಿಗೆ ಅರ್ಥ ಆಗುತ್ತದೆ. ಹೊಟ್ಟೆ ಸೀಳುವ ಒಂದು ಸಣ್ಣ ಗೆರೆ ಎಳೆದರೆ ಸರಿಯಾಯಿತು. ತಿದ್ದುವುದು ಬೇಕು. ನಿಲ್ಲಿಸುವುದು ಬೇಡ.

ಚಂದ ಬೇರೆ, ಸರಿ ಬೇರೆ. ಬೀಡಿ ಬ್ರಾಂಚಿನವರು ನಿಮ್ಮ ಪುಸ್ತಕದಲ್ಲಿ 600 ಎಂದು ಬರೆದರೋ, 500 ಎಂದು ಬರೆದರೋ, ಅದು ನಿಮಗೆ ಸರಿಯಾಗಿ ಗೊತ್ತಾಗಬೇಕು. ಅದು ನಿಮ್ಮ ಮಜೂರಿಯ ಪ್ರಶ್ನೆ. ಮದ್ದಿನ ಚೀಟಿ ನೋಡುವಾಗಲೂ ಅಷ್ಟೇ. ಅರ್ಥ ಆಗದಿದ್ದರೆ ಎರಡು ಸಲ ಕೇಳಿ. ಆದರೆ ಬ್ಯಾಂಕಿನಲ್ಲಿ ಸಹಿ ಚಂದ ಇರಬೇಕೆಂದಿಲ್ಲ. ಮೊದಲು ಕೊಟ್ಟ ಸಹಿಯ ಹಾಗೆಯೇ ಇದ್ದರೆ ಸಾಕು. ಎಲ್ಲಿ ಸರಿ ಇರಬೇಕೋ ಅಲ್ಲಿ ಜಾಗ್ರತೆ ಮಾಡೋಣ. ಚಂದದ ಚಿಂತೆ ಬಿಡೋಣ.

ಎಲ್ಲ ಸರಿಯಾಗಲಿ ಎಂದು ಕಾಯದೆ ಹೆಜ್ಜೆ ಇಟ್ಟವರು ನಮ್ಮ ಹತ್ತಿರದಲ್ಲೇ ಇದ್ದಾರೆ. ಅವರು ಹರೇಕಳ ಹಾಜಬ್ಬ. ಹರೇಕಳ ಊರು ಇರುವುದು ನೇತ್ರಾವತಿ ಹೊಳೆಯ ಆಚೆ ಬದಿಯಲ್ಲಿ. ಹಾಜಬ್ಬರು ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಹೊತ್ತು ಮಂಗಳೂರು ಪೇಟೆಯಲ್ಲಿ ಮಾರುತ್ತಿದ್ದರು. ಶಾಲೆಗೆ ಹೋದವರಲ್ಲ. ಒಂದು ದಿನ ವಿದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯ ಕೇಳಿದರು. ಉತ್ತರ ಹೇಳಲು ಅವರಿಗೆ ಆಗಲಿಲ್ಲ. ನನ್ನ ಊರಿನ ಮಕ್ಕಳಿಗೆ ಹೀಗೆ ಆಗಬಾರದು ಎಂದು ಅವರು ಮನಸ್ಸು ಮಾಡಿದರು.

ಕೈಯಲ್ಲಿ ಹಣ ಇರಲಿಲ್ಲ. ಹಣ್ಣು ಮಾರಿದ್ದರಲ್ಲಿ ಸ್ವಲ್ಪ ಸ್ವಲ್ಪ ಉಳಿಸಿದರು. ಕಚೇರಿಯಿಂದ ಕಚೇರಿಗೆ ನಡೆದರು. 2000ನೇ ಇಸವಿಯ ಸುಮಾರಿಗೆ ಊರಿನಲ್ಲಿ ಶಾಲೆ ಶುರುವಾಯಿತು. ಇದ್ದ ಮಕ್ಕಳು 28. ಸ್ವಂತ ಕಟ್ಟಡ ಇಲ್ಲ. ಮದರಸದ ಜಾಗದಲ್ಲಿ ಪಾಠ. ಆಮೇಲೆ ಜಾಗ ಆಯಿತು, ಕಟ್ಟಡ ಆಯಿತು, ಹೈಸ್ಕೂಲೂ ಬಂತು. ಸರಕಾರ ಅವರಿಗೆ 2020ರ ಪದ್ಮಶ್ರೀ ಪ್ರಶಸ್ತಿ ಘೋಷಿಸಿತು. 2021ರ ನವೆಂಬರಿನಲ್ಲಿ ಅವರು ದೆಹಲಿಯಲ್ಲಿ ರಾಷ್ಟ್ರಪತಿಯವರ ಕೈಯಿಂದ ಅದನ್ನು ಪಡೆದರು. ಬರಿಗಾಲಲ್ಲೇ ಹೋಗಿದ್ದರು.

ದೊಡ್ಡ ಕಟ್ಟಡ ಆಗಲಿ, ಆಮೇಲೆ ಶಾಲೆ ಎಂದಿದ್ದರೆ ಆ 28 ಮಕ್ಕಳ ಗತಿ ಏನಾಗುತ್ತಿತ್ತು? ಕಾಯುತ್ತಾ ಅವರು ದೊಡ್ಡವರೇ ಆಗಿಬಿಡುತ್ತಿದ್ದರು. ನಮ್ಮ ಕಲಿಕೆಯೂ ಹಾಗೆಯೇ.

ಈ ನಾಲ್ಕು ಮಾತು ನೆನಪಿಡೋಣ:

1. ಅಡುಗೆ, ಬೀಡಿ ಮುಗಿಸಿ ದಿನಕ್ಕೆ ಹತ್ತು ನಿಮಿಷ ಬರೆಯೋಣ. ಒಂದು ದಿನ ತಪ್ಪಿದರೆ ಮಾರನೆ ದಿನ ಕೂರೋಣ.

2. ಪುಟದ ಮೇಲೆ ತಾರೀಕು ಹಾಕೋಣ. ತಪ್ಪಾಯಿತೆಂದು ಹಾಳೆ ಹರಿಯುವುದು ಬೇಡ.

3. ಬಸ್ಸಿನಲ್ಲಿ ಹೋಗುವಾಗ ದಿನಕ್ಕೆ ಒಂದು ಬೋರ್ಡು ಓದೋಣ.

4. ಮಗಳ ಅಕ್ಷರಕ್ಕೆ, ನೆರೆಮನೆಯವಳ ಅಕ್ಷರಕ್ಕೆ ನಮ್ಮದನ್ನು ಹೋಲಿಸುವುದು ಬೇಡ. ತಿಂಗಳು ಕಳೆದ ಮೇಲೆ ನಮ್ಮದೇ ಮೊದಲ ಪುಟ ತೆರೆದು ನೋಡೋಣ. ಎಷ್ಟು ಮುಂದೆ ಬಂದಿದ್ದೇವೆ ಎಂದು ಅಲ್ಲಿ ಕಾಣುತ್ತದೆ.

ಮಾತಾಡೋಣ:
ಹಾಜಬ್ಬರ ಊರಿನ ಶಾಲೆ ಎಷ್ಟು ಮಕ್ಕಳಿಂದ ಶುರುವಾಯಿತು?
ಯಾವ ಬರಹದಲ್ಲಿ ತಪ್ಪು ಇರಲೇಬಾರದು? ಯಾಕೆ?
ನೀವು ಮೊದಲು ಬಾರದೆ, ಆಮೇಲೆ ಕಲಿತ ಕೆಲಸ ಯಾವುದು?

ಬರೆಯೋಣ:
ಇವತ್ತಿನ ತಾರೀಕು, ನಿಮ್ಮ ಹೆಸರು, ಇವತ್ತು ಓದಿದ ಒಂದು ಬೋರ್ಡಿನ ಹೆಸರು. ಬರೆದದ್ದನ್ನು ಪಕ್ಕದಲ್ಲಿ ಕೂತವರಿಗೆ ತೋರಿಸಿ. ಸೆರಗಿನಲ್ಲಿ ಮುಚ್ಚಬೇಡಿ.