ಗಿರಾಕಿ ಕಡಿಮೆಯಾದ ದಿನಗಳಲ್ಲಿ



ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಹೆದ್ದಾರಿ ಬದಿಯಲ್ಲಿ ಚಿಕ್ಕ ಊಟದ ಹೋಟೆಲು ನಡೆಸುವ ದಂಪತಿಗಳ ಮನೆಗೆ ಹೋಗಿದ್ದೆ. ಗಂಡ ಮಾತಿಲ್ಲದೆ ಕುಳಿತಿದ್ದರು. "ಫಾದರ್, ಎರಡು ತಿಂಗಳ ಬಾಡಿಗೆ ಬಾಕಿ ಇದೆ. ಪಾತ್ರೆ ತೊಳೆಯುವ ಅಮ್ಮನನ್ನು ಬಿಡಿಸುವುದೆಂದು ಮಾಡಿದ್ದೇವೆ" ಎಂದರು ಹೆಂಡತಿ. "ಪ್ರಾರ್ಥಿಸಿ, ದೇವರು ದಾರಿ ತೋರಿಸುತ್ತಾರೆ" ಎಂದು ಹೇಳಿ, ಚಹಾ ಕುಡಿದು ಎದ್ದು ಬಂದೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧ ಈ ಲೇಖನದಲ್ಲಿದೆ.

ಕಷ್ಟ ಯಾವ ಬಗೆಯದು?

ವ್ಯಾಪಾರದ ಕಷ್ಟದಲ್ಲಿ ಎರಡು ಬಗೆ. ಒಂದು, ಹೇಳಿ ಬರುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿ ಬಂದರು ತಣ್ಣಗಾಗುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಅಷ್ಟರಲ್ಲಿ ಮುಗಿದಿರುತ್ತದೆ. ಮರವಂತೆಯ ಕಡಲ ಬದಿಯಲ್ಲಿ ವಾಹನ ನಿಲ್ಲಿಸುವವರೂ ಕಡಿಮೆ. ಇದು ವರ್ಷ ವರ್ಷವೂ ಬರುವುದರಿಂದ ದುರದೃಷ್ಟವೆನ್ನಲಾಗದು, ಇದು ಪಂಚಾಂಗ. ಡಿಸೆಂಬರ್, ಜನವರಿಯ ಗಲ್ಲಾಪೆಟ್ಟಿಗೆಯಿಂದಲೇ ಜೂನ್ ತಿಂಗಳ ಬಾಡಿಗೆಯನ್ನು ತೆಗೆದಿಡಬೇಕು.

ಇನ್ನೊಂದು, ಹೇಳದೆ ಬರುವಂಥದ್ದು. 2020ರ ಮಾರ್ಚ್ 25ರಂದು ದೇಶವೆಲ್ಲ ಮುಚ್ಚಿದಾಗ ಯಾರ ಬಳಿಯೂ ಸಿದ್ಧತೆ ಇರಲಿಲ್ಲ. ಮೊದಲನೆಯದಕ್ಕೆ ಉಳಿತಾಯ ಸಾಕು. ಎರಡನೆಯದಕ್ಕೆ ನಡೆಯುವ ದಾರಿಯನ್ನೇ ಬದಲಿಸಬೇಕಾಗುತ್ತದೆ.

ಪಾರಂಪಳ್ಳಿಯವರ ಪಾಠ

ದಾರಿ ಬದಲಿಸಿದವರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಯಿತು. ಅಕ್ಕಿಯಿಲ್ಲದೆ ಇಡ್ಲಿ ಎಲ್ಲಿಯದು? ಅವರು ರವೆಯಲ್ಲಿ ಮಾಡಿ ನೋಡಿದರು. ಇಂದು ನಾವೆಲ್ಲರೂ ತಿನ್ನುವ ರವೆ ಇಡ್ಲಿ ಹೀಗೆ ಬಂದದ್ದು.

1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಗಳನ್ನು ಅತಿ ಕಡಿಮೆ ಬೆಲೆಗೆ ಮಾರಬೇಕೆಂಬ ನಿಯಮ ಬಂತು. ಆ ದರದಲ್ಲಿ ಹಳೆಯ ಗುಣಮಟ್ಟ ಉಳಿಸುವುದು ಕಷ್ಟವಾಯಿತು. ತುಪ್ಪದ ಬದಲು ಕೀಳು ಎಣ್ಣೆ ಸುರಿಯುವುದು ಸುಲಭದ ದಾರಿಯಾಗಿತ್ತು. ಅವರು ತಮ್ಮ ಅಡುಗೆಯ ಹದವನ್ನು ಪೊಟ್ಟಣಕ್ಕೆ ತುಂಬಿ ದಿಢೀರ್ ಮಿಶ್ರಣಗಳ ಮಾರಾಟದತ್ತ ಹೊರಳಿದರು. ಕೈಯಲ್ಲಿದ್ದ ವಿದ್ಯೆ ಅದೇ, ಬಾಗಿಲು ಮಾತ್ರ ಬೇರೆ. ನಿಮ್ಮ ಕೈಯಲ್ಲಿರುವ ವಿದ್ಯೆ ಯಾವುದು? ಕೋಳಿ ಸಾರಿನ ಮಸಾಲೆಯೇ, ಕೋರಿ ರೊಟ್ಟಿಯೇ, ನೂರು ಜನರ ಸಮಾರಂಭಕ್ಕೆ ಅಡುಗೆ ಮಾಡುವ ಅನುಭವವೇ?

ಕುಳಿತು ಲೆಕ್ಕ ಹಾಕಿ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂದು ಯೇಸುಸ್ವಾಮಿಯೇ ಬೋಧಿಸಿದ್ದಾರೆ (ಲೂಕ 14:28-30). ಒಂದು ಲೆಕ್ಕ ನೋಡೋಣ. ಬಾಡಿಗೆ, ಸಂಬಳ, ಕರೆಂಟು ಸೇರಿ ತಿಂಗಳಿಗೆ 45,000 ರೂಪಾಯಿ ಎನ್ನಿ. ಊಟಕ್ಕೆ 80 ರೂಪಾಯಿ. ಅಕ್ಕಿ, ಮೀನು, ತೆಂಗಿನಕಾಯಿ, ಗ್ಯಾಸಿಗೆ 50 ಹೋದರೆ ಉಳಿಯುವುದು 30. ಹಾಗಾದರೆ ತಿಂಗಳಿಗೆ 1,500 ಊಟ, ದಿನಕ್ಕೆ 50 ಊಟ ಹೋದರೆ ಮಾತ್ರ ಹೋಟೆಲು ತನ್ನ ಕಾಲ ಮೇಲೆ ನಿಲ್ಲುತ್ತದೆ. ಮನೆಗೆ ಒಯ್ಯುವ ಹಣ ಅದರ ನಂತರದ್ದು. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿವೆ.

ಬ್ಯಾಂಕಿನ ಕಂತು ಕಟ್ಟಲಾಗದೆಂದು ಕಂಡರೆ ಮುಖ ಮರೆಸಿಕೊಳ್ಳಬೇಡಿ. 90 ದಿನ ಮೀರಿ ಬಾಕಿಯಾದ ಸಾಲವನ್ನು ಬ್ಯಾಂಕು ವಸೂಲಾಗದ ಸಾಲಗಳ ಸಾಲಿಗೆ ಸೇರಿಸುತ್ತದೆ. ಅದಕ್ಕೆ ಮುಂಚೆಯೇ ಮ್ಯಾನೇಜರರ ಎದುರು ಕುಳಿತು ಇದ್ದದ್ದನ್ನು ಇದ್ದಂತೆ ಹೇಳುವುದು ಅವಮಾನವಲ್ಲ.

ಕತ್ತರಿ ಯಾರ ಮೇಲೆ?

ಕಷ್ಟ ಬಂದಾಗ ನಮ್ಮ ಕೈ ಮೊದಲು ಹೋಗುವುದು ಅತಿ ಬಡವರ ಸಂಬಳಕ್ಕೆ. ತಡೆಹಿಡಿದ ಕೂಲಿ ದೇವರ ಮುಂದೆ ಕೂಗುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (5:4). ಯಾರನ್ನೂ ಎಂದೂ ಬಿಡಿಸಬಾರದೆಂದು ನಾನು ಹೇಳುತ್ತಿಲ್ಲ. ಮುಳುಗುವ ದೋಣಿಯಲ್ಲಿ ಎಲ್ಲರೂ ಮುಳುಗುತ್ತಾರೆ. ಆದರೆ ಅದು ಕೊನೆಯ ಹೆಜ್ಜೆಯಾಗಲಿ. ಮೊದಲು ಪೋಲಾಗುವ ಅನ್ನ, ನಡೆಯದ ತಿಂಡಿ, ಮನೆಯ ಆಡಂಬರ ಇವುಗಳ ಮೇಲೆ ಕತ್ತರಿ ಆಡಲಿ.

ಆ ದಂಪತಿಗಳು ನನ್ನಿಂದ ಸಿಗದ ಸಲಹೆಯನ್ನು ತಾವೇ ಕಂಡುಕೊಂಡರು. ಗಿರಾಕಿಯಿಲ್ಲದ ರಾತ್ರಿ ಊಟವನ್ನು ನಿಲ್ಲಿಸಿದರು. ಪಾತ್ರೆ ತೊಳೆಯುವ ಅಮ್ಮನನ್ನು ಕೂರಿಸಿ ಲೆಕ್ಕದ ಪುಸ್ತಕವನ್ನೇ ತೋರಿಸಿದರು. "ಮಳೆ ಮುಗಿಯುವ ತನಕ ಅರ್ಧ ದಿನ ಬರ್ತೇನೆ, ಅರ್ಧ ಸಂಬಳ ಕೊಡಿ" ಎಂದರಂತೆ ಆಕೆ. ನವರಾತ್ರಿಗೆ ಕೊಲ್ಲೂರಿನ ಯಾತ್ರಿಕರು ಬರತೊಡಗಿದಾಗ ಪೂರ್ತಿ ಸಂಬಳ ಮತ್ತೆ ಆರಂಭವಾಯಿತು. ನಂಬಿಕೆಯನ್ನು ನಾನು ಅವರಿಗೆ ಕಲಿಸಲು ಹೋಗಿದ್ದೆ. ಕಲಿತು ಬಂದವನು ನಾನು.

ಮನೆಯಲ್ಲಿ ಮನನಕ್ಕೆ

1. ನಮ್ಮ ವ್ಯಾಪಾರದ ನಿಜವಾದ ಲೆಕ್ಕ ಗಂಡ-ಹೆಂಡತಿ ಇಬ್ಬರಿಗೂ ಗೊತ್ತಿದೆಯೇ?
2. ನಮ್ಮಲ್ಲಿ ದುಡಿಯುವವರ ಸಂಬಳ ಬಾಕಿ ಉಳಿದಿದೆಯೇ?
3. ಮುಂದಿನ ಮಳೆಗಾಲಕ್ಕೆ ಈ ತಿಂಗಳು ಎಷ್ಟು ತೆಗೆದಿಡಬಲ್ಲೆವು?

ಇಂದು ರಾತ್ರಿ ಜಪಸರವಾದ ಮೇಲೆ ಹತ್ತು ನಿಮಿಷ ಲೆಕ್ಕದ ಪುಸ್ತಕ ತೆರೆಯಿರಿ. ಅದೂ ದೇವರ ಮುಂದೆಯೇ ಮಾಡುವ ಕೆಲಸ.